ಸದ್ದು ನಮ್ಮದು, ದನಿ ಯಾರದು?

ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲ್ಲೊಂದರಲ್ಲಿ ಟೀ ಕುಡೀತಾ ಕೂತಿದ್ದಾಗ ಟೀವಿಯಲ್ಲಿ ಒಂದು ಜಾಹೀರಾತು ಬಂತು. ಕೆಲಸಗಾರರು ತೊಡುವ ಉಡುಪಿನ ಜಾಹೀರಾತು. ಕಂಪನಿಯ ಹೆಸರು ಬೇಡ, ಇವೆಲ್ಲ ಒಂದೇ ಅಚ್ಚಿನವು. ಸುತ್ತಿಗೆ ಬೀಳುತ್ತೆ, ಢಣ್! ಗ್ರೈಂಡರ್ ಕಿಡಿ ಕಾರುತ್ತೆ, ಸರ್ರ್! ಬೂಟು ಜಲ್ಲಿ ತುಳಿಯುತ್ತೆ, ಜಿಪ್ಪು ಮೇಲೇರುತ್ತೆ. ಒಂದೊಂದು ಸದ್ದೂ ತಾಳಕ್ಕೆ ತಕ್ಕಂತೆ. ಕೊನೆಗೆ ಗಡಸು ಗಂಡು ದನಿಯೊಂದು ದುಡಿಮೆಯ ಹಿರಿಮೆ ಸಾರುತ್ತೆ. ಇಷ್ಟರಲ್ಲಿ ದುಡಿಯುವವನು ಒಂದು ಮಾತನ್ನೂ ಆಡಲಿಲ್ಲ.

ಪಕ್ಕದ ಬೆಂಚಿನಲ್ಲಿ ಅಡಿಕೆ ಸುಲಿಯಲು ಹೋಗುವ ಒಬ್ಬ ಅವ್ವ ಕೂತಿದ್ದರು. "ಇದ್ಯಾವೂರ ಕೆಲ್ಸಾನಣ್ಣ, ಇಷ್ಟು ಚೆಂದಾಗಿ ಸದ್ದು ಮಾಡೋದು?" ಅಂದರು. ನಾವು ಇಲ್ಲಿ ಬರೆಯುವ ವಿಮರ್ಶೆಯೆಲ್ಲ ಆ ಒಂದು ಪ್ರಶ್ನೆಯೊಳಗೇ ಇದೆ.

ಆ ಸದ್ದು ಯಾವೂರ ಕೆಲಸದ್ದೂ ಅಲ್ಲ. ಬಹುಪಾಲು ಸ್ಟುಡಿಯೋದಲ್ಲಿ ಹುಟ್ಟಿದ್ದು. ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ದಪ್ಪ ಬಟ್ಟೆಯನ್ನು ಉಜ್ಜುತ್ತಾರೆ. ತಟ್ಟೆಯಲ್ಲಿ ಜಲ್ಲಿ ಹರವಿ ಬೂಟು ತುಳಿಯುತ್ತಾರೆ. ಹಾಲಿವುಡ್ಡಿನ ಜ್ಯಾಕ್ ಫೋಲಿಯ ಹೆಸರಿನಿಂದಲೇ ಈ ಕಸುಬಿಗೆ 'ಫೋಲಿ' ಅನ್ನುತ್ತಾರೆ. ಸುತ್ತಿಗೆಯ ಏಟು ಸಣ್ಣದೆನಿಸಿದರೆ ಅದರಡಿಗೆ ನಗಾರಿಯಂಥ ತಗ್ಗಿನ ದನಿಯೊಂದನ್ನು ಸೇರಿಸುತ್ತಾರೆ, ತೂಕ ಬರಲಿ ಅಂತ. ಇದು ಸುಲಭದ ಕಸುಬಲ್ಲ. ಇದನ್ನು ಮಾಡುವವರೂ ಕೂಲಿಗೆ ದುಡಿಯುವವರೇ. ನಮ್ಮ ಜಗಳ ಅವರ ಕೈಚಳಕದ ಮೇಲಲ್ಲ. ಯಾವ ಸದ್ದು ಇರಲಿ, ಯಾವುದು ಬೇಡ ಅಂತ ತೀರ್ಮಾನ ಮಾಡುವ ಕಿವಿಯ ಮೇಲೆ.

ನಮ್ಮ ಸೀಮೆಯಲ್ಲಿ ಒಂದು ಸುತ್ತು ಬನ್ನಿ. ತರೀಕೆರೆ ಕಡೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು ಅಡಿಕೆ ಸುಲಿಯುತ್ತಾರೆ. ಚರಕ್ ಚರಕ್ ಅನ್ನೋ ಸದ್ದಿನ ನಡುವೆ ಮನೆ ಕಷ್ಟ, ನಗು, ಬೈಗುಳ, ಕೂಲಿ ಲೆಕ್ಕ ಎಲ್ಲ ನಡೀತಿರುತ್ತೆ. ಕಡೂರಿನ ಬಯಲಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ ಸಿಪ್ಪೆ ಬಿಡಿಸುವವನ ಬಾಯಿಂದ ಪ್ರತಿ ಕಾಯಿಗೂ ಒಂದು 'ಹ್ಞಾ' ಬರುತ್ತೆ. ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಮೂಗೆಳೆಯುವ ಸದ್ದು, ಒಣಕೆಮ್ಮು, ಮರದ ನೆರಳಲ್ಲಿ ಮಲಗಿಸಿದ ಕೂಸಿನ ಅಳು. ಇವರ ವರ್ಕ್‌ವೇರ್ ಯಾವುದು? ಗಂಡನ ಹಳೇ ಶರಟು, ಹರಿದ ಲುಂಗಿ, ತಲೆಗೊಂದು ಟವಲು. ಜಾಹೀರಾತು ಇವರ ಏಟನ್ನು ಇಟ್ಟುಕೊಂಡು ಕೆಮ್ಮನ್ನು ಕತ್ತರಿಸುತ್ತೆ. ಉಸಿರು ಒಮ್ಮೊಮ್ಮೆ ಇರುತ್ತೆ, ಕುಸ್ತಿ ಪೈಲ್ವಾನನ ಉಸಿರಿನ ಹಾಗೆ. ಏದುಸಿರು ಮಾತ್ರ ಇರೋದಿಲ್ಲ.

ಇದು ಬರೀ ನಮ್ಮೂರಿನ ಕಥೆಯಲ್ಲ. ಇವತ್ತು ಶೋಕಿಗೆ ತೊಡುವ ಜೀನ್ಸ್ ಅಮೆರಿಕದ ಕೂಲಿಕಾರರ ಉಡುಪು. ಹೊಲಿಗೆ ಕಿತ್ತುಹೋಗದಂತೆ ತಾಮ್ರದ ರಿವೆಟ್ ಬಡಿಯುವ ಉಪಾಯಕ್ಕೆ ಜೇಕಬ್ ಡೇವಿಸ್ ಅನ್ನೋ ದರ್ಜಿಯೂ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್‌ನೂ ಸೇರಿ 1873ರಲ್ಲಿ ಪೇಟೆಂಟ್ ಪಡೆದರು. 1985ರಲ್ಲಿ ಅದೇ ಲೆವಿಸ್ ಕಂಪನಿ ಬ್ರಿಟನ್ನಿನಲ್ಲಿ ಒಂದು ಜಾಹೀರಾತು ಮಾಡಿತು. ಲಾಂಡ್ರಿಯೊಂದರಲ್ಲಿ ಚೆಲುವ ಹುಡುಗನೊಬ್ಬ ಎಲ್ಲರೆದುರು ಜೀನ್ಸ್ ಬಿಚ್ಚಿ ಒಗೆಯಲು ಹಾಕುತ್ತಾನೆ. ಹಿನ್ನೆಲೆಗೆ 1968ರಲ್ಲಿ ಕಪ್ಪು ಗಾಯಕ ಮಾರ್ವಿನ್ ಗೇ ಜನಪ್ರಿಯಗೊಳಿಸಿದ್ದ ಹಾಡು. ದುಡಿಮೆ ಮಾಯ, ಕಪ್ಪು ಜನರ ಸಂಗೀತ ಮಾತ್ರ ಮಾರಾಟಕ್ಕೆ. ಇಲ್ಲಿ ನಮ್ಮ ಕೇರಿಯ ತಮಟೆಗೂ ಇದೇ ಗತಿ. 'ಜೋಶ್' ಬೇಕಾದಾಗ ತಮಟೆ ಬೇಕು. ಅದನ್ನು ಬಡಿಯುವವನು ಬೇಡ.

ಬಟ್ಟೆಗೆ ಜಾತಿ ಇಲ್ಲ ಅನ್ನುವವರು ಮುಂಬೈ ಗಿರಣಿಗಳನ್ನು ನೆನೆಯಲಿ. ನೇಯ್ಗೆ ವಿಭಾಗದಲ್ಲಿ ನೂಲಿನ ಎಳೆಯನ್ನು ಬಾಯಿಂದ ಹೀರಬೇಕಾಗುತ್ತಿತ್ತು. ಎಂಜಲ ಮೈಲಿಗೆಯ ನೆಪ ಹೇಳಿ ಹೆಚ್ಚು ಕೂಲಿಯ ಆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. 1928-29ರ ಮುಷ್ಕರಗಳ ಕಾಲದಲ್ಲಿ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ಅಂದು ಮಗ್ಗದಿಂದ ದೂರ ಇಟ್ಟರು, ಇಂದು ಮೈಕಿನಿಂದ.

ಇದು ಬರೀ ಸೌಂದರ್ಯದ ಪ್ರಶ್ನೆಯೂ ಅಲ್ಲ. ತಾಳಕ್ಕೆ ಕೂಡಿಸಿದ ಆ ಗ್ರೈಂಡರಿನ ಸದ್ದು ನಿಜದಲ್ಲಿ ಕಿವಿ ತಿನ್ನುತ್ತೆ. ಕಾರ್ಖಾನೆಯ ನಿಯಮಗಳಲ್ಲಿ ದಿನಕ್ಕೆ 8 ಗಂಟೆ ದುಡಿಯುವವನಿಗೆ 90 ಡೆಸಿಬೆಲ್ ಮಿತಿ ಅಂತ ಇದೆ. ಶೆಡ್ಡಿನ ಕೂಲಿಯ ಕಿವಿಯ ಹತ್ತಿರ ಅಳತೆ ಹಿಡಿದು ಹೋದವರನ್ನು ನಾವಂತೂ ನೋಡಿಲ್ಲ. ಚರಂಡಿ ಸ್ವಚ್ಛ ಮಾಡುವವರಿಗೆ ಗ್ಲೌಸು, ಬೂಟು, ಮಾಸ್ಕು ಕೊಡಬೇಕೆಂದು 2013ರ ಕಾಯ್ದೆಯಡಿಯ ನಿಯಮಗಳು ಪಟ್ಟಿಯನ್ನೇ ಕೊಟ್ಟಿವೆ. ಜಾಹೀರಾತಿನ ಬೂಟು ಜಲ್ಲಿ ಮೇಲೆ ಅಷ್ಟು ಗಟ್ಟಿಯಾಗಿ ಸದ್ದು ಮಾಡುತ್ತೆ. ಚರಂಡಿಗಿಳಿಯುವ ಬರಿಗಾಲಿನ ಸದ್ದು ಯಾರಿಗೆ ಕೇಳಿಸುತ್ತೆ?

ಹಾಗಾದರೆ ಏನು ಮಾಡಬೇಕು ಅಂತ ಕೇಳಬಹುದು. ಮೈಕನ್ನು ಸ್ಟುಡಿಯೋದಿಂದ ಹೊರಗೆ ತನ್ನಿ. ಅಡಿಕೆ ಮನೆಯ ಅಂಗಳದಲ್ಲಿ ಇಡಿ. ತಾಳ ತಪ್ಪಲಿ ಬಿಡಿ, ದುಡಿಮೆಗೆ ತಾಳ ತಪ್ಪುವುದೇ ಸಹಜ. ನಡುವೆ ಯಾರಾದರೂ ಕೆಮ್ಮಿದರೆ ಕತ್ತರಿಸಬೇಡಿ. ಯಾರಾದರೂ "ಕೂಲಿ ಯಾವಾಗ ಕೊಡ್ತೀರಿ?" ಅಂತ ಕೇಳಿದರೆ ಅದನ್ನೂ ಕತ್ತರಿಸಬೇಡಿ.

ಆಗ ಆ ಬಟ್ಟೆ ಮಾರಾಟ ಆಗುತ್ತೋ ಇಲ್ಲವೋ, ಅದು ಕಂಪನಿಯ ಚಿಂತೆ. ಆ ಅವ್ವನಿಗೆ ಮಾತ್ರ ಅದು ಯಾವೂರ ಕೆಲಸ ಅಂತ ಗುರುತು ಸಿಗುತ್ತೆ.