ಡ್ರೈವರ್ ಎಲ್ಲಿ ಮಲಗಬೇಕು?

ವಾರಾಂತ್ಯದ ಕೊಡಗು ಪ್ರವಾಸಕ್ಕೆ ಈಗ ಒಂದು ಸಿದ್ಧ ಮಾದರಿ ಇದೆ. ಶುಕ್ರವಾರ ರಾತ್ರಿ ಹನ್ನೊಂದರ ಸುಮಾರಿಗೆ ಟಿಟಿಯೋ (ಟೆಂಪೊ ಟ್ರಾವೆಲರ್) ಮಿನಿಬಸ್ಸೋ ಬೆಂಗಳೂರು ಬಿಡುತ್ತದೆ. ಬೆಳಕು ಹರಿಯುವ ಮೊದಲೇ ಕುಶಾಲನಗರ. ಶನಿವಾರ ದುಬಾರೆ, ನಿಸರ್ಗಧಾಮ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಸಂಜೆಗೆ ಮಡಿಕೇರಿಯ ರಾಜಾಸೀಟು. ಭಾನುವಾರ ತಲಕಾವೇರಿ, ಅಬ್ಬಿ ಜಲಪಾತ ಮುಗಿಸಿ ರಾತ್ರಿ ಮತ್ತೆ ಗಾಡಿ ಹತ್ತಿದರೆ ಸೋಮವಾರ ಬೆಳಿಗ್ಗೆ ಆಫೀಸು. ಒಂದು ದಿನದ ರಜೆ ಉಳಿಯಿತು, ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯಿತು, ಹಗಲಿನ ಟ್ರಾಫಿಕ್ಕೂ ತಪ್ಪಿತು. ದುಡಿಯುವ ಜನಕ್ಕೆ ಇದು ನಿಜವಾದ ಅನುಕೂಲ, ಅಲ್ಲಗಳೆಯುವಂತಿಲ್ಲ. ಆದರೆ ಈ ಪ್ಯಾಕೇಜಿನಲ್ಲಿ ತಿಂಡಿಗೆ, ರಾಫ್ಟಿಂಗ್‌ಗೆ, ಕ್ಯಾಂಪ್‌ಫೈರ್‌ಗೆ ಹೊತ್ತು ಗೊತ್ತುಮಾಡಿರುತ್ತಾರೆ. ಡ್ರೈವರ್ ಮಲಗುವುದಕ್ಕೆ ಮಾತ್ರ ಹೊತ್ತೂ ಇಲ್ಲ, ಜಾಗವೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎದ್ದ ಡ್ರೈವರ್ ಹಗಲೆಲ್ಲ ಬೇರೆ ಬಾಡಿಗೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಟರೆ, ರಾಮನಗರದ ಆಸುಪಾಸಿನಲ್ಲೇ ಅವರು ಎಚ್ಚರವಾಗಿದ್ದು 17 ಗಂಟೆ ತುಂಬುತ್ತದೆ. ಅಷ್ಟು ಹೊತ್ತು ನಿದ್ದೆಗೆಟ್ಟವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದು 1990ರ ದಶಕದ ಪ್ರಯೋಗಗಳಿಂದಲೇ ಗೊತ್ತಾಗಿದೆ. ನಮ್ಮ ಕಾನೂನಿನ ಮಿತಿ ಶೇ 0.03. ಕುಡಿದು ಆ ಸ್ಥಿತಿಗೆ ಬಂದವರನ್ನು ಪೊಲೀಸರು ಹಿಡಿದು ಗಾಡಿ ಜಪ್ತಿ ಮಾಡುತ್ತಾರೆ. ನಿದ್ದೆಗೆಟ್ಟು ಅದೇ ಸ್ಥಿತಿಗೆ ಬಂದವರು ಇನ್ನೂ 180 ಕಿ.ಮೀ. ಓಡಿಸಬೇಕು. ಮೈಸೂರಿನವರೆಗೆ ಸ್ಟೇರಿಂಗ್ ಅಲ್ಲಾಡಿಸುವ ಕೆಲಸವೇ ಇಲ್ಲದ ನೇರ ಎಕ್ಸ್‌ಪ್ರೆಸ್‌ವೇ. ಆಮೇಲೆ ಹುಣಸೂರು, ಪಿರಿಯಾಪಟ್ಟಣ. ಕುಶಾಲನಗರ ದಾಟಿದರೆ ಆನೆಗಳು ಅಡ್ಡ ಬರುವ ಆನೆಕಾಡು, ಸುಂಟಿಕೊಪ್ಪದಾಚೆಯ ತಿರುವುಗಳು. ಮನುಷ್ಯನ ದೇಹ ನಿದ್ದೆಗೆ ಬಲವಾಗಿ ಎಳೆಯುವ ಎರಡರಿಂದ ಐದು ಗಂಟೆಯ ನಡುವೆಯೇ ಈ ದಾರಿ ಸಾಗಬೇಕು. 80 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಸುಮಾರು 90 ಮೀಟರ್ ತಾನಾಗಿಯೇ ಓಡಿರುತ್ತದೆ.

ಈ ನಿದ್ದೆಯ ಸಾಲವನ್ನು ಹಗಲಲ್ಲಿ ತೀರಿಸಿಕೊಳ್ಳಬಹುದಲ್ಲ ಎನ್ನುವವರು ಶನಿವಾರ ಮಧ್ಯಾಹ್ನ ದುಬಾರೆಯ ಪಾರ್ಕಿಂಗಿಗೆ ಹೋಗಿ ನೋಡಬೇಕು. ಟಿಟಿಯ ಮುಂದಿನ ಗಾಜಿಗೆ ಬೆಡ್‌ಶೀಟು, ಕಿಟಕಿಗೆ ಒದ್ದೆ ಟವಲು, ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡ ಡ್ರೈವರ್. ಡೀಸೆಲ್ ಸುಡುತ್ತದೆಂದು ಎ.ಸಿ. ಆಫ್. ಬಾಗಿಲು ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಜೊಂಪು ಹತ್ತುವಷ್ಟರಲ್ಲಿ ಫೋನು: "ಅಣ್ಣಾ, ಗಾಡಿ ತಗೊಂಡು ಗೇಟಿನ ಹತ್ರ ಬನ್ನಿ." ಮುಖಕ್ಕೆ ನೀರು ಹಾಕಿಕೊಂಡು ಎದ್ದವರ ಮುಂದೆ ಮಡಿಕೇರಿ ಘಾಟಿ ಕಾದಿರುತ್ತದೆ. ಇದು ವಿಶ್ರಾಂತಿ ಎನಿಸಿಕೊಳ್ಳುವುದಿಲ್ಲ. ಎಂಟು ರೂಮಿನ ಹೋಮ್‌ಸ್ಟೇಯಲ್ಲೂ ಡ್ರೈವರ್‌ಗೆ ಮಂಚವಿಲ್ಲದಿರುವುದು ಇಲ್ಲಿ ಸಾಮಾನ್ಯ ಸಂಗತಿ. ಅವರ ರಾತ್ರಿಗೆ ಬಾಟಾ ಸಿಗುತ್ತದೆ, ಹಾಸಿಗೆ ಸಿಗುವುದಿಲ್ಲ.

ಲಾರಿಯವರ ಪಾಡು ಇನ್ನೂ ಬಿಗಿ. ಕುಶಾಲನಗರ ಬಳಿಯ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಘಟಕಗಳಂಥ ಕಡೆ ಲೋಡಿಗಾಗಿ ಸಾಲಿನಲ್ಲಿ ಕಾಯುವ ಹಗಲು ಅವರ ಲೆಕ್ಕದಲ್ಲಿ ದುಡಿಮೆಯೂ ಅಲ್ಲ, ನಿದ್ದೆಯೂ ಅಲ್ಲ. ಲೋಡ್ ಆದ ಮೇಲೆ ರಾತ್ರಿಯೇ ಹೊರಡಬೇಕು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮ ಹಿಂದೆ ಇತ್ತು. 2018ರಲ್ಲಿ ಅದನ್ನು ಕೈಬಿಡಲಾಯಿತು. ಮಾಲೀಕರ ಖರ್ಚು ಇಳಿಸಿದ ಈ ತಿದ್ದುಪಡಿ, ಒಬ್ಬರು ಓಡಿಸುವಾಗ ಇನ್ನೊಬ್ಬರು ಮಲಗುವ ಏಕೈಕ ಏರ್ಪಾಟನ್ನು ಕಿತ್ತುಹಾಕಿತು.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಯ ಮಿತಿ ಹಾಕಿತು. ದೂರದ ಮಾರ್ಗಗಳಿಗೆ 10 ಮತ್ತು 54 ಗಂಟೆಯವರೆಗೆ ಸಡಿಲಿಕೆ ಕೊಟ್ಟಿತು. 5 ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಎರಡು ದಿನದ ಡ್ಯೂಟಿಯ ನಡುವೆ ಸತತ 9 ಗಂಟೆ ವಿಶ್ರಾಂತಿ ಎಂದಿತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಇದೇ ಮಿತಿಯನ್ನು ಎಲ್ಲ ಸಾರಿಗೆ ವಾಹನಗಳ ಚಾಲಕರಿಗೂ ಅನ್ವಯಿಸಿತು. ಬರವಣಿಗೆಯಾಗಿ ಇದು ಒಳ್ಳೆಯ, ಮಾನವೀಯ ಕಾನೂನು. ಸೋತಿರುವುದು ಜಾರಿಯಲ್ಲಿ. ಚೆಕ್‌ಪೋಸ್ಟಿನಲ್ಲಿ ಪರ್ಮಿಟ್, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಕೇಳುತ್ತಾರೆ. "ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದೀರಿ?" ಎಂದು ಕೇಳುವವರಿಲ್ಲ.

ಕೇಳಲು ಸಾಧನವಿಲ್ಲವೇ? ಇದೆ. 2019ರಿಂದ ನೋಂದಣಿಯಾದ ಬಸ್, ಟ್ಯಾಕ್ಸಿಗಳಿಗೆ ಸ್ಥಳ ಪತ್ತೆ ಸಾಧನ ಕಡ್ಡಾಯ. ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಎಲ್ಲಿ ನಿಂತಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಸ್ಟೇರಿಂಗ್ ಹಿಡಿದವರು ಯಾರು ಎಂಬ ಒಂದು ಮಾಹಿತಿ ಸೇರಿಸಿದರೆ ಅದೇ ದುಡಿಮೆಯ ಗಂಟೆಯ ಲೆಕ್ಕವಾಗುತ್ತದೆ. ಯುರೋಪಿನಲ್ಲಿ ಲಾರಿ, ಬಸ್ಸುಗಳ ಟ್ಯಾಕೋಗ್ರಾಫ್ ಇದನ್ನೇ ಮಾಡುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲದಿದ್ದರೆ ದಂಡ ಬೀಳುತ್ತದೆ.

ಅಂಕಿಅಂಶದಲ್ಲೂ ನಿದ್ದೆ ಕಾಣೆಯಾಗಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ನಿಯಮ ಉಲ್ಲಂಘನೆಯ ಪಟ್ಟಿಯಲ್ಲಿ ಅತಿವೇಗ, ಮದ್ಯ, ಮೊಬೈಲ್, ವಿರುದ್ಧ ದಿಕ್ಕಿನ ಚಾಲನೆ ಎಂಬ ಕಲಮುಗಳಿವೆ. ಆಯಾಸಕ್ಕೆ ಕಲಮೇ ಇಲ್ಲ. ತೂಕಡಿಸಿ ಆದ ಸಾವು 'ಅತಿವೇಗ'ವೋ 'ಇತರೆ'ಯೋ ಆಗಿ ಕರಗಿಹೋಗುತ್ತದೆ. 2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ, ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಟಿಟಿ ನಿಂತಿದ್ದ ಲಾರಿಗೆ ಗುದ್ದಿ ಭದ್ರಾವತಿ ತಾಲ್ಲೂಕಿನ 13 ಮಂದಿ ತೀರಿಕೊಂಡರು. ಅಂಥ ಹೊತ್ತಿನ ಅಂಥ ಅಪಘಾತಗಳಲ್ಲಿ ಡ್ರೈವರ್ ಹಿಂದಿನ ರಾತ್ರಿ ಎಷ್ಟು ಮಲಗಿದ್ದರು ಎಂಬುದು ಎಫ್‌ಐಆರ್‌ನ ಮೊದಲ ಸಾಲಾಗಬೇಕು.

ಈಚೆಗೆ ಕೆಲವು ಒಳ್ಳೆಯ ಹೆಜ್ಜೆಗಳೂ ಬಿದ್ದಿವೆ. ಹೊಸ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಯಿತು. ಹೆದ್ದಾರಿಗಳಲ್ಲಿ ಚಾಲಕರಿಗಾಗಿ 1,000 ವಿಶ್ರಾಂತಿ ಕಟ್ಟಡಗಳನ್ನು ಕಟ್ಟುವುದಾಗಿ ಪ್ರಧಾನಿ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ತಮಿಳುನಾಡು 2023ರಲ್ಲಿ ಕಟ್ಟಡ ನಿಯಮಗಳನ್ನೇ ತಿದ್ದಿ, ಅತಿಥಿಗಳ ಡ್ರೈವರ್‌ಗಳಿಗೆ ಮಲಗುವ ವ್ಯವಸ್ಥೆಯನ್ನು ಹೋಟೆಲ್, ಲಾಡ್ಜ್‌ಗಳ ಹೊಣೆಯಾಗಿಸಿತು. ಇವುಗಳಲ್ಲಿ ಕೊಡಗಿಗೆ ತಕ್ಷಣ ಒಗ್ಗುವುದು ತಮಿಳುನಾಡಿನ ದಾರಿ. ಹೋಮ್‌ಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯ ಕೈಯಲ್ಲೇ ಇದೆ. ಡ್ರೈವರ್‌ಗೆ ಒಂದು ಮಂಚ, ಫ್ಯಾನು, ಸ್ನಾನದ ಮನೆ ಎಂಬ ಷರತ್ತು ಸೇರಿಸಿದರೆ ಸಾಕು. ಶ್ರೀರಂಗಪಟ್ಟಣದಿಂದ ಗುಡ್ಡೆಹೊಸೂರಿನವರೆಗಿನ 92 ಕಿ.ಮೀ. ಚತುಷ್ಪಥ ಯೋಜನೆಗೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ರಸ್ತೆ ಅಗಲವಾದಷ್ಟೂ ವೇಗ ಹೆಚ್ಚುತ್ತದೆ, ಬೇಸರ ಹೆಚ್ಚುತ್ತದೆ, ಮಂಪರೂ ಹೆಚ್ಚುತ್ತದೆ. ಆದ್ದರಿಂದ ಲಾರಿ ನಿಲ್ಲಿಸಿ ಮಲಗುವ ತಾಣಗಳು ಅದರ ನಕ್ಷೆಯ ಭಾಗವಾಗಿಯೇ ಬರಬೇಕು. ಕಾಡುಪ್ರಾಣಿಗಳ ಸಲುವಾಗಿ 2009ರಲ್ಲಿ ಬಂಡೀಪುರದ ರಾತ್ರಿ ಸಂಚಾರವನ್ನೇ ನಿಲ್ಲಿಸಿದ ರಾಜ್ಯ ಇದು. ಮನುಷ್ಯರ ನಿದ್ದೆಗೂ ವೇಳಾಪಟ್ಟಿ ಬದಲಿಸಲು ಸಾಧ್ಯವಿದೆ.

ಒಬ್ಬನೇ ಡ್ರೈವರ್, ಮಲಗಲು ಜಾಗವಿಲ್ಲದ ಎರಡು ರಾತ್ರಿ: ಈ ರೂಪದಲ್ಲಿ ನೈಟ್ ಜರ್ನಿ ಪ್ಯಾಕೇಜ್ ಮಾರಾಟಕ್ಕೆ ಯೋಗ್ಯವಾದ ಸೇವೆಯಲ್ಲ. ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಪ್ರವಾಸಿಗರಾದರೂ ಬುಕಿಂಗ್ ಮಾಡುವಾಗ ಎರಡು ಪ್ರಶ್ನೆ ಕೇಳಬೇಕು. ಟ್ರಾವೆಲ್ಸ್‌ನವರಿಗೆ: ಡ್ರೈವರ್ ಹೊರಡುವ ದಿನ ಹಗಲು ಮಲಗಿರುತ್ತಾರಾ? ಹೋಮ್‌ಸ್ಟೇಯವರಿಗೆ: ಡ್ರೈವರ್‌ಗೆ ಹಾಸಿಗೆ ಇದೆಯಾ? ಎರಡರಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ, ದಯವಿಟ್ಟು ಶುಕ್ರವಾರ ರಾತ್ರಿ ಹೊರಡಬೇಡಿ. ಶನಿವಾರ ಬೆಳಿಗ್ಗೆ ಹೊರಡಿ.