ಊರಾಚೆ ಬಿಡಾರ ಹೂಡುವ ನರಿ

ವಲ್ಪೇರಾ ಪಾತ್ರ ಹಾಕಿದ ಹೊಸಬರು ಮೊದಲ ದಿನವೇ ಬಾಲ ಅಲ್ಲಾಡಿಸುತ್ತಾರೆ. ಕಿವಿ ನಿಮಿರಿಸುತ್ತಾರೆ, ಮೂಗು ಅರಳಿಸುತ್ತಾರೆ, ಪ್ರತಿ ಮಾತಿನ ಕೊನೆಗೂ ಒಂದು ಕುಂಯ್‌ಗುಟ್ಟುವಿಕೆ ಸೇರಿಸುತ್ತಾರೆ. ಹತ್ತು ನಿಮಿಷ ನೋಡಲು ಚೆನ್ನಾಗಿರುತ್ತದೆ. ಆಮೇಲೆ ಎದುರಿಗೆ ಕೂತವರಿಗೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಅವರು ಮೆಲ್ಲಗೆ ಎದ್ದು ಬೇರೆ ಗುಂಪಿನ ಕಡೆ ಹೋಗುತ್ತಾರೆ.

ಆಟದ ಪರಿಚಯ ಇಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2004ರಲ್ಲಿ ಶುರುವಾದ ಆನ್‌ಲೈನ್ ಆಟ. ದೇಶದೇಶಗಳ ಜನ ಒಂದೇ ಮಾಯಾಲೋಕದಲ್ಲಿ ಓಡಾಡುತ್ತಾರೆ, ಕಾದಾಡುತ್ತಾರೆ, ವ್ಯಾಪಾರ ಮಾಡುತ್ತಾರೆ. ಅದರಲ್ಲಿ ನರಿಮುಖದ, ಗಿಡ್ಡ ಮೈಕಟ್ಟಿನ ಒಂದು ಜನಾಂಗವಿದೆ, ಅವರೇ ವಲ್ಪೇರಾ. 2018ರ ಕಂತಿನಲ್ಲಿ ವೋಲ್‌ಡುನ್ ಎಂಬ ಮರಳುಗಾಡಿನ ಜೊತೆ ಅವರು ಆಟದೊಳಗೆ ಬಂದರು. 2020ರ ಜನವರಿಯಿಂದ ಆಟಗಾರರೂ ವಲ್ಪೇರಾ ಆಗಿ ಆಡಬಹುದಾಯಿತು. ಗಾಡಿ ಕಟ್ಟಿಕೊಂಡು ಅಲೆಯುವವರು, ಬೇರೆಯವರು ಬಿಸಾಕಿದ್ದನ್ನು ಆಯ್ದು ಬದುಕುವವರು, ಹಾವುಮುಖದ ಸೆತ್ರಾಕ್‌ಗಳ ಕೈಯಲ್ಲಿ ಸಿಕ್ಕು ಜೀತ ಮಾಡಿದವರು. ಆಟ ಕಟ್ಟಿದವರು ಅವರಿಗೆ ಕೊಟ್ಟ ಹುಟ್ಟುಗುಣಗಳಲ್ಲೂ ಅಲೆಮಾರಿತನವೇ ಇದೆ. ಬೇರೆಯವರಿಗಿಂತ ದೊಡ್ಡ ಚೀಲ. ಬಯಲಲ್ಲಿ ಬಿಡಾರ ಹೂಡಿ, ಎಷ್ಟು ದೂರ ಹೋಗಿದ್ದರೂ ಒಂದೇ ಗಳಿಗೆಯಲ್ಲಿ ಅಲ್ಲಿಗೆ ಮರಳುವ ಶಕ್ತಿ.

ಹೆಚ್ಚಿನವರು ಈ ಆಟ ಆಡುವುದು ಗೆಲ್ಲುವುದಕ್ಕೆ. ಕೆಲವರು ಮಾತ್ರ ಪಾತ್ರವಾಗಿ ಬದುಕುವುದಕ್ಕೆ ಬರುತ್ತಾರೆ. ಅದನ್ನೇ ರೋಲ್‌ಪ್ಲೇ ಎನ್ನುವುದು. ಅಂಥವರಿಗೆಂದೇ ಪ್ರತ್ಯೇಕ ಸರ್ವರ್‌ಗಳಿವೆ. ಅಮೆರಿಕದ ಕಡೆಯ ಮೂನ್ ಗಾರ್ಡ್, ಯೂರೋಪಿನ ಆರ್ಜೆಂಟ್ ಡಾನ್ ಹೆಸರಾದವು. ಅಲ್ಲಿ ಪಾತ್ರ ಆಡುವ ಮಾತು ಬೇರೆ, ಆಡುವ ಮನುಷ್ಯನ ಮಾತು ಬೇರೆ. ‘ಊಟಕ್ಕೆ ಕರೀತಿದಾರೆ, ಬಂದೆ’ ಎನ್ನಬೇಕಾದರೆ ಅದನ್ನು ಜೋಡಿ ಕಂಸದೊಳಗೆ ಬರೆಯಬೇಕು. ಕಂಸದ ಹೊರಗಿರುವುದೆಲ್ಲ ಪಾತ್ರದ್ದು. ಮಾತಿನಷ್ಟೇ ಮುಖ್ಯ ಚರ್ಯೆ. ನಿಮ್ಮ ಪಾತ್ರ ಏನು ಮಾಡಿತು ಎಂಬುದನ್ನು ಒಂದು ಸಾಲಲ್ಲಿ ಬರೆದು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕುವುದು. ಇನ್ನೊಬ್ಬರ ಪಾತ್ರ ಏನು ಮಾಡಿತು ಎಂದು ನೀವು ಬರೆಯುವಂತಿಲ್ಲ. ‘ನಾನು ಹೊಡೆದೆ, ನೀನು ಬಿದ್ದೆ’ ಎಂದರೆ ಆ ಮಂದಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಹೊಡೆಯಲು ಕೈ ಎತ್ತಿದ್ದಷ್ಟೇ ನಿಮ್ಮದು. ಬೀಳುವುದೋ ತಪ್ಪಿಸಿಕೊಳ್ಳುವುದೋ ಅವರಿಗೆ ಬಿಟ್ಟಿದ್ದು.

ಈ ನಿಯಮವನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಹಗಲುವೇಷದವರು. ಪ್ರಾಣಿಮುಖದ ಅಲೆಮಾರಿ ಪಾತ್ರವನ್ನು ಹೇಗೆ ಆಡಬೇಕು ಎಂದು ಯಾರಾದರೂ ಕೇಳಿದರೆ ನಾನು ಆಟದ ಕೈಪಿಡಿ ತೋರಿಸುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ಬೀದಿಗಳಲ್ಲಿ ಹನುಮಂತನ ವೇಷ ಹೇಗೆ ನಡೆಯುತ್ತದೆ ಎಂದು ನೋಡಿ ಬನ್ನಿ ಎನ್ನುತ್ತೇನೆ. ಅಲೆಮಾರಿಗಳೇ ಪ್ರಾಣಿವೇಷ ಕಟ್ಟುವ ಆಟ ಅದು.

ಹಗಲುವೇಷ ಕಟ್ಟುವವರಲ್ಲಿ ಬುಡ್ಗ ಜಂಗಮರು ಹೆಚ್ಚು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ದರೋಜಿಯ ಬುರ್ರಕಥೆ ಈರಮ್ಮನವರೂ ಅದೇ ಸಮುದಾಯದವರು. ಅಕ್ಷರ ಕಲಿಯದೆ ದೊಡ್ಡ ದೊಡ್ಡ ಕಾವ್ಯಗಳನ್ನು ಎದೆಯೊಳಗೆ ಇಟ್ಟುಕೊಂಡಿದ್ದ ಅವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತ್ತು; 2014ರಲ್ಲಿ ತೀರಿಕೊಂಡರು. ಹಗಲುವೇಷದ ಮೇಳ ಊರಿಗೆ ಬಂದರೆ ಬಿಡಾರ ಊರಾಚೆ ಬಯಲಲ್ಲಿ. ಬೆಳಗ್ಗೆ ಅಲ್ಲೇ ಬಣ್ಣ ಬಳಿದುಕೊಂಡು, ಕಿರೀಟ ಭುಜಕೀರ್ತಿ ಕಟ್ಟಿಕೊಂಡು, ಹಾರ್ಮೋನಿಯಂ ತಬಲಾ ತಾಳ ಹಿಡಿದು ಊರೊಳಗೆ ಬರುತ್ತಾರೆ. ಒಂದೊಂದು ದಿನ ಒಂದೊಂದು ವೇಷ, ಒಂದೊಂದು ಕಥೆ. ರಂಗವಿಲ್ಲ, ಪರದೆಯಿಲ್ಲ, ದೀಪವಿಲ್ಲ. ಹೆಸರೇ ಹೇಳುವಂತೆ ನಡು ಹಗಲು, ಬಣ್ಣದ ಬಿರುಕು ಕೂಡ ಕಾಣುವ ಬಿಸಿಲು. ಆ ಬಿಸಿಲಲ್ಲಿ ಹನುಮಂತ ನಮ್ಮ ಮನೆಯ ಕಟ್ಟೆಗೆ ಬಂದು ನಿಲ್ಲಬೇಕು, ನಾವು ನಂಬಬೇಕು.

ಗುಡೇಕೋಟೆಯ ಒಂದು ಕಿರಾಣಿ ಅಂಗಡಿಯ ಮುಂದೆ ಕಂಡದ್ದನ್ನು ಹೇಳುತ್ತೇನೆ. ಕೆಂಪು ಮೂತಿ ಕಟ್ಟಿಕೊಂಡ ಹನುಮಂತ ಗದೆ ಹೆಗಲಿಗಿಟ್ಟು ಬಂದ. ಬಂದವನು ಜಿಗಿಯಲಿಲ್ಲ, ಹಲ್ಲು ಕಿರಿಯಲಿಲ್ಲ. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ತೂಗುಹಾಕಿದ್ದ ಬಾಳೆಗೊನೆಯ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ. ಮತ್ತೆ ನೋಡಿದ. ಅಷ್ಟೇ. ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದ ಅಂಗಡಿಯವರು ಕೈ ನಿಲ್ಲಿಸದೆಯೇ ಕೇಳಿದರು: “ಏನಪಾ ಹನುಮಪ್ಪ, ಲಂಕಾ ಸುಟ್ಟು ಈ ಕಡೆ ಬಂದಿಯೇನು? ನಮ್ಮ ಅಂಗ್ಡಿ ಮಾತ್ರ ಬ್ಯಾಡ ನೋಡಪ್ಪ.” ಹನುಮಂತ ಬಾಲದ ತುದಿಯನ್ನು ಕೈಗೆ ತಂದುಕೊಂಡು ಊದಿದ, ಇನ್ನೂ ಬಿಸಿ ಇದೆಯೇನೋ ಎಂಬಂತೆ. “ಸುಡಾಕ ಎಣ್ಣಿ ಬೇಕಲ್ರೀ ಸಾವ್ಕಾರ್ರೆ. ಎಣ್ಣಿ ರೇಟು ಕೇಳಿ ಹಂಗ ಬಂದೆ.” ಕೂತವರೆಲ್ಲ ನಕ್ಕರು. ಎರಡು ಹಣ್ಣು ಅವನ ಕೈಗೆ ಬಂದವು.

ಅಲ್ಲಿ ಲಂಕೆಯ ಮಾತು ತೆಗೆದವರು ಯಾರು? ಅಂಗಡಿಯವರು. ಹನುಮಂತ ಅವರಿಗಾಗಿ ಜಾಗ ಬಿಟ್ಟಿದ್ದ. ಬಾಳೆಗೊನೆ ನೋಡಿ ಕಣ್ಣು ತಿರುಗಿಸಿದ ಆ ಒಂದು ಚರ್ಯೆಯಲ್ಲಿ ಕಪಿಯೂ ಇತ್ತು, ಬೇಡಲು ಸಂಕೋಚಪಡುವ ಮನುಷ್ಯನೂ ಇದ್ದ, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗಿದ್ದವರು ಹಿಡಿದುಕೊಳ್ಳಲು ಒಂದು ಎಳೆ ಇತ್ತು. ಪಾತ್ರ ಹಾಕುವುದರಲ್ಲಿ ನಾನು ಮೆಚ್ಚುವ ಒಂದೇ ಗುಣ ಇದು: ವೇಷ ಹಾಕದವರನ್ನೂ ಆಟದೊಳಗೆ ಕರೆದುಕೊಳ್ಳುವುದು. ಸಕ್ಕರೆ ಪೊಟ್ಟಣದ ದಾರ ಕೈಯಲ್ಲಿರುವಾಗಲೇ ಆ ಸಾಹುಕಾರರು ರಾಮಾಯಣದ ಒಳಗೆ ಹೋಗಿ ಬಂದರು.

ಈಗ ವಲ್ಪೇರಾಗೆ ಬರೋಣ. ನಾವು ಕೆಲವರು ಡಿಸ್ಕಾರ್ಡ್ ಎಂಬ ಹರಟೆ ತಾಣದಲ್ಲಿ ಕನ್ನಡದಲ್ಲೇ ಪಾತ್ರ ಬರೆದು ಆಡುತ್ತೇವೆ. ಹೊಸಬರೊಬ್ಬರು ಬರೆದ ಚರ್ಯೆ ಹೀಗಿತ್ತು: ‘ಮುದ್ದಾದ ಬಾಲ ಬೀಸುತ್ತಾ, ಹೊಳೆಯುವ ಕಣ್ಣಿನಿಂದ ಎಲ್ಲರನ್ನೂ ಮೋಡಿ ಮಾಡುತ್ತಾಳೆ.’ ಮೋಡಿಗೆ ಒಳಗಾಗಬೇಕೋ ಬೇಡವೋ ಎಂಬುದನ್ನೂ ಅವರೇ ತೀರ್ಮಾನಿಸಿಬಿಟ್ಟಿದ್ದರು. ಅದೇ ರಾತ್ರಿ ಇನ್ನೊಬ್ಬರು ಬರೆದರು: ‘ಬಾವಿಕಟ್ಟೆಯಿಂದ ನಾಲ್ಕು ಮಾರು ದೂರದಲ್ಲಿ ನಿಲ್ಲುತ್ತಾಳೆ. ಹೆಗಲ ಚೀಲ ಇಳಿಸಿ, ಅದರ ಬಾಯಿ ಊರಿನವರ ಕಡೆಗೆ ತೆರೆದಿಡುತ್ತಾಳೆ. ಬಿಂದಿಗೆಯನ್ನು ಮಾತ್ರ ಇನ್ನೂ ಹೊರಗೆ ತೆಗೆದಿಲ್ಲ.’ ಕಿವಿ ಬಾಲಗಳ ಸುದ್ದಿಯೇ ಇಲ್ಲ. ಆದರೂ ಆ ನರಿಹೆಣ್ಣು ಎದುರಿಗೆ ನಿಂತಂತಾಯಿತು. ಕದ್ದದ್ದೇನೂ ಇಲ್ಲ ಎಂದು ಕೇಳುವ ಮೊದಲೇ ತೋರಿಸುವುದು, ನೀರು ಕೇಳುವ ಮೊದಲು ಅನುಮತಿಗೆ ಕಾಯುವುದು — ಊರೂರು ಸುತ್ತಿದವರ ಮೈಗೆ ಹತ್ತಿದ ಎಚ್ಚರ ಅದು. ಗುಂಪಿನಲ್ಲಿದ್ದ ಆರೂ ಜನ ಒಟ್ಟಿಗೆ ಬರೆಯತೊಡಗಿದರು. ಒಬ್ಬಳು ಹಗ್ಗ ನೀಡಿದಳು, ಒಬ್ಬ ನಾಯಿ ಛೂ ಬಿಟ್ಟ, ಒಬ್ಬ ಮುದುಕ ಚೀಲದೊಳಗೆ ಕೈ ಹಾಕಿದ.

‘ದಿ ಎಲ್ಡರ್ ಸ್ಕ್ರೋಲ್ಸ್’ ಎಂಬ ಇನ್ನೊಂದು ಆಟದ ಸರಣಿಯ ಖಜೀತ್ ಎಂಬ ಬೆಕ್ಕುಮುಖದವರದ್ದೂ ಇದೇ ಪಾಡು. ಆ ಸರಣಿಯ 2011ರ ‘ಸ್ಕೈರಿಮ್’ ಆಡಿದವರು ನೋಡಿರುತ್ತಾರೆ: ಖಜೀತ್ ವ್ಯಾಪಾರಿಗಳಿಗೆ ಪಟ್ಟಣದೊಳಗೆ ಪ್ರವೇಶವಿಲ್ಲ. ಕೋಟೆಯ ಹೊರಗೆ ಡೇರೆ ಹಾಕಿ ಅಲ್ಲೇ ಸಾಮಾನು ಹರಡಬೇಕು. ಯಾಕೆಂದರೆ ಅವರು ಕಳ್ಳರಂತೆ, ಅಮಲಿನ ಸರಕು ಮಾರುವವರಂತೆ. 2014ರಲ್ಲಿ ಬಂದ ಇದೇ ಸರಣಿಯ ಆನ್‌ಲೈನ್ ಆಟದಲ್ಲಿ ಖಜೀತ್ ಆಗಿ ಪಾತ್ರ ಬರೆಯುವವರು ತುಂಬಾ ಜನ. ಅವರಲ್ಲಿ ಅರ್ಧಕ್ಕರ್ಧ ಮಂದಿ ನೇರವಾಗಿ ಜೇಬುಗಳ್ಳರಾಗಿಬಿಡುತ್ತಾರೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ಊರು ಹೊರಿಸಿದ ಅಪವಾದವನ್ನೇ ಪಾತ್ರದ ಸ್ವಭಾವ ಎಂದು ಎತ್ತಿಕೊಂಡಂತಾಯಿತಲ್ಲ.

ನಮ್ಮ ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಬರೀ ಆಟದ ಮಾತಾಗಿ ಉಳಿಯುವುದಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರ ಕಾಯ್ದೆಯೊಡನೆ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಬಳ್ಳಾರಿ ಆಗ ಆ ಪ್ರಾಂತ್ಯದ ಜಿಲ್ಲೆ. ಕೊರಚರಂಥ ಅಲೆಮಾರಿಗಳು ಹುಟ್ಟಿನಿಂದಲೇ ಅಪರಾಧಿಗಳಾದರು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಅಪ್ಪಣೆ ಬೇಕು. ದೇಶದ ಮಟ್ಟದಲ್ಲಿ ಕಾಯ್ದೆ ಹೋದದ್ದು ಸ್ವಾತಂತ್ರ್ಯ ಬಂದು ಐದು ವರ್ಷ ಕಳೆದ ಮೇಲೆ, 1952ರಲ್ಲಿ. ಕಾಗದದ ಮೇಲಿನ ಹೆಸರು ಹೋದರೂ ಊರಲ್ಲಿ ಕೋಳಿ ಕಾಣೆಯಾದರೆ ಮೊದಲು ಡೇರೆಗಳ ಕಡೆ ನೋಡುವ ಕಣ್ಣು ಹೋಗಿಲ್ಲ. ಖಜೀತ್ ಪಾತ್ರವನ್ನೋ ವಲ್ಪೇರಾವನ್ನೋ ಬರೆಯುವ ನಮ್ಮ ಕಡೆಯ ಹುಡುಗರು ಅಮೆರಿಕದವರಿಗಿಂತ ಚೆನ್ನಾಗಿ ಬರೆಯಬಲ್ಲರು ಎಂದು ನಾನು ನಂಬಿರುವುದು ಇದಕ್ಕೇ. ಕುರಿಮಂದೆ ಹೊಲದಲ್ಲಿ ತಂಗಿದಾಗ ಹೊಲದ ಒಡೆಯನ ಜೊತೆ ಕುರಿಗಾರರ ಮಾತುಕತೆ ಹೇಗೆ ನಡೆಯುತ್ತದೆ, ಮ್ಯಾಸಬೇಡರ ಕಿಲಾರಿಗಳು ದೇವರ ಎತ್ತುಗಳ ಹಿಂದೆ ಹೇಗೆ ಅಲೆಯುತ್ತಾರೆ, ಎಲ್ಲಿ ನೀರಿದೆ ಎಂಬ ಸುದ್ದಿ ಹೇಗೆ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ — ಇದನ್ನೆಲ್ಲ ಅವರು ಯಾವ ಪುಸ್ತಕದಲ್ಲೂ ಹುಡುಕಬೇಕಿಲ್ಲ.

ಪ್ರಾಣಿಯ ಭಾಗಕ್ಕೂ ಇದೇ ಮಾತು. ಗುಡೇಕೋಟೆಯ ಸುತ್ತ ಕರಡಿಧಾಮವಿದೆ, ದರೋಜಿಯದ್ದು 1994ರಿಂದಲೇ ಇದೆ. ಆದರೂ ನಮ್ಮ ಹುಡುಗರು ಕರಡಿ ಪಾತ್ರ ಹಾಕಬೇಕೆಂದರೆ ವಾರ್‌ಕ್ರಾಫ್ಟ್‌ನ ಪಾಂಡಾರೆನ್ ಕಡೆ ಓಡುತ್ತಾರೆ. ಪಾಂಡಾರೆನ್ ಒಳ್ಳೆಯ ಜನಾಂಗವೇ. ದೈತ್ಯ ಆಮೆಯ ಬೆನ್ನ ಮೇಲೆ ದ್ವೀಪ ಕಟ್ಟಿಕೊಂಡು ಸಮುದ್ರ ಸುತ್ತುವ ಅವರ ಕಥೆ ನನಗೂ ಇಷ್ಟ. ಆದರೆ ನಮ್ಮ ಗುಡ್ಡದ ಕರಡಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಮುಂಗಾಲಿನ ಪಾದ ಒಳಕ್ಕೆ ತಿರುಗಿಸಿ ಕಾಲೆಳೆದು ನಡೆಯುತ್ತದೆ. ಕಣ್ಣು ಮಂದ, ಮೂಗು ಚುರುಕು. ಉದ್ದನೆಯ ಉಗುರಿನಿಂದ ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮೇಲಿನ ಸಾಲಿನ ನಡುವೆ ಎರಡು ಹಲ್ಲಿಲ್ಲದ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಆ ಸದ್ದು ಬಂಡೆಗಳಾಚೆಗೂ ಕೇಳುತ್ತದೆ. ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತದೆ.

ಇದರಲ್ಲಿ ಒಂದೊಂದೂ ಪಾತ್ರಕ್ಕೆ ಬರುವಂಥದ್ದು. ಮುಖ ನೋಡಿ ಗುರುತು ಹಿಡಿಯದ, ಹತ್ತಿರ ಬಂದು ವಾಸನೆ ಹಿಡಿದ ಮೇಲೆ ಮಾತಾಡಿಸುವ ಜಾಂಬವಂತನನ್ನು ಯೋಚಿಸಿ. ದೂರದಲ್ಲಿ ಕೈ ಬೀಸಿದವರಿಗೆ ಅವನು ಉತ್ತರ ಕೊಡುವುದಿಲ್ಲ. ಅವರು ಅದನ್ನು ಸೊಕ್ಕು ಎಂದುಕೊಳ್ಳುತ್ತಾರೆ. ಸದ್ದಿಲ್ಲದೆ ಹಿಂದಿನಿಂದ ಬಂದವರ ಮೇಲೆ ಎರಗಿಬಿಡುತ್ತಾನೆ. ಹೊಲಕ್ಕೆ ಹೋದ ನಮ್ಮ ರೈತರಿಗೆ ಕರಡಿಯಿಂದ ಗಾಯವಾಗುವುದೂ ಹಲವು ಸಲ ಹೀಗೆಯೇ, ಎರಡೂ ಕಡೆಯವರು ಬೆಚ್ಚಿಬಿದ್ದು. ಬೆನ್ನ ಮೇಲೆ ಮಕ್ಕಳಿರುವುದರಿಂದ ಅವನ ಹೆಂಡತಿ ಯಾರಿಗೂ ಬೆನ್ನು ತಿರುಗಿಸಿ ನಿಲ್ಲುವುದಿಲ್ಲ. ಎದುರಿನವರು ಹಿಡಿದುಕೊಳ್ಳಲು ಇಲ್ಲಿ ಎಷ್ಟು ಎಳೆಗಳಿವೆ ನೋಡಿ. ಇನ್ನೂ ಒಂದನ್ನು ಸೇರಿಸಬಹುದು: ಮೂಗಿಗೆ ಹಗ್ಗ ಪೋಣಿಸಿಕೊಂಡು ಸಂತೆಗಳಲ್ಲಿ ಕುಣಿದ ಹಳೆಯ ತಲೆಮಾರಿನ ನೆನಪು. ಕಲಂದರರು ಕರಡಿ ಕುಣಿಸುವುದು 2009ರ ಹೊತ್ತಿಗೆ ನಿಂತಿತು. ರಕ್ಷಿಸಿದ ಕರಡಿಗಳಲ್ಲಿ ಹಲವು ಬನ್ನೇರುಘಟ್ಟದಲ್ಲಿ ನೆಲೆ ಕಂಡವು. ಡಮರುಗದ ಸದ್ದು ಕೇಳಿದರೆ ಕಾಲು ತಾನಾಗಿ ಎತ್ತುವ ಮುದಿ ಕರಡಿಯೊಬ್ಬನನ್ನು ಯಾರಾದರೂ ಬರೆದರೆ ಆ ಆಟಕ್ಕೆ ನಾನು ರಾತ್ರಿಯೆಲ್ಲ ಕೂತೇನು.

ಮೊಹರಂನಲ್ಲಿ ಹರಕೆ ಹೊತ್ತು ಹುಲಿವೇಷ ಹಾಕುವವರನ್ನೂ ಇಲ್ಲಿ ನೆನೆಯಬೇಕು, ಆದರೆ ಅದರ ದಾರಿ ಬೇರೆ. ಹುಲಿ ಕುಣಿಯುತ್ತದೆ, ನಾವು ನೋಡುತ್ತೇವೆ. ಅಲ್ಲಿ ಮೈಯ ಕಸುವು ದೊಡ್ಡದು.

ಕೊನೆಯದಾಗಿ, ಹೊರಡುವ ವಿಚಾರ. ರೋಲ್‌ಪ್ಲೇ ಮಾಡುವವರಲ್ಲಿ ಅಲೆಮಾರಿ ಪಾತ್ರ ಹಾಕಿ, ಒಂದೇ ಹೋಟೆಲಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತುಬಿಡುವವರು ಬಹಳ. ಜೊತೆ ಚೆನ್ನಾಗಿದೆ, ಮಾತು ಚೆನ್ನಾಗಿದೆ, ಏಳಲು ಮನಸ್ಸಾಗುವುದಿಲ್ಲ, ಅರ್ಥವಾಗುತ್ತದೆ. ಹಗಲುವೇಷದವರು ಹಾಗೆ ಮಾಡುವುದಿಲ್ಲ. ದಿನಕ್ಕೊಂದು ವೇಷ ತೋರಿಸಿ, ಕೊನೆಯ ದಿನ ಮನೆಮನೆಗೆ ಹೋಗಿ ಕಾಳುಕಡಿ, ದುಡ್ಡು, ಹಳೆಯ ಬಟ್ಟೆ ಕೇಳುತ್ತಾರೆ. ಆ ದಿನ ಅವರು ಯಾವ ವೇಷ ಯಾರಿಗೆ ಹಿಡಿಸಿತು ಎಂದು ವಿಚಾರಿಸುತ್ತಾರೆ, ಮಕ್ಕಳು ತಮಗೆ ಬೇಕಾದ ಪಾತ್ರದ ಹೆಸರು ಕೂಗುತ್ತಾರೆ. ಮುಂದಿನ ವರ್ಷ ಏನು ಕಟ್ಟಬೇಕೆಂಬುದು ಅಲ್ಲಿಯೇ ಅರ್ಧ ತೀರ್ಮಾನವಾಗಿರುತ್ತದೆ. ವಲ್ಪೇರಾಗೆ ಬಿಡಾರಕ್ಕೆ ಮರಳುವ ಶಕ್ತಿ ಕೊಟ್ಟಿದ್ದಾರಲ್ಲ, ಅದನ್ನು ದಾರಿ ಉಳಿಸುವುದಕ್ಕೆ ಮಾತ್ರ ಬಳಸಬೇಡಿ. ಮಾತು ಒಳ್ಳೆಯ ಘಟ್ಟದಲ್ಲಿರುವಾಗಲೇ ‘ಹೊತ್ತಾಯಿತು, ಗಾಡಿ ಕಟ್ಟಬೇಕು’ ಎಂದು ಬರೆದು ಏಳಿ. ಏಳುವ ಮೊದಲು ಜೋಡಿ ಕಂಸದೊಳಗೆ ಕೇಳಿ: ಮತ್ತೆ ಬರುವಾಗ ಏನು ತರಲಿ?