ಕೂವೆ, ಬಾಳೆ, ಕೇಸರ: ‘ಹೋರ್ತುಸ್ ಮಲಬಾರಿಕುಸ್’ನ ಹೆಸರುಗಳಲ್ಲಿ ವರ್ಗೀಕರಣ

ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರ ಕುರಿತ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಆಶ್ರಯಿಸಿದೆ: ಆ ಜ್ಞಾನ ಯಾರದು? ಈಳವ ವೈದ್ಯ ಇಟ್ಟಿ ಅಚ್ಚುದನ್, ಕೊಂಕಣಿಗರಾದ ರಂಗಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪುಭಟ್ಟರ ಪಾಲು ಇಂದು ನಿರ್ವಿವಾದ. ಕೆ.ಎಸ್. ಮಣಿಲಾಲರ ಇಂಗ್ಲಿಷ್ (2003) ಮತ್ತು ಮಲಯಾಳಂ (2008) ಅನುವಾದಗಳು ಅದನ್ನು ಓದುಗರ ಕೈಗೆಟುಕಿಸಿವೆ. ಇತಿಹಾಸಕಾರ ರಿಚರ್ಡ್ ಗ್ರೋವ್ ಇನ್ನೂ ಮುಂದೆ ಹೋಗಿ, ಈಳವರ ಸಸ್ಯವರ್ಗೀಕರಣವೇ ಈ ಗ್ರಂಥದ ಮೂಲಕ ಲಿನೇಯಸನಿಗೆ ದಾಟಿತೆಂದು ವಾದಿಸಿದರು. ಈ ವಾದ ಆಕರ್ಷಕ. ಆದರೆ ಗ್ರಂಥದ ಹೆಸರುಗಳಲ್ಲಿಯೇ ಅದನ್ನು ಪರೀಕ್ಷಿಸಬೇಕಾಗಿದೆ.

ಇದಕ್ಕೆ 1692ರ ಹನ್ನೊಂದನೆಯ ಸಂಪುಟ ತಕ್ಕ ನಿದರ್ಶನ. ಅಲ್ಲಿ ‘ಕುವ’, ‘ಮಂಜೆಲ್ಲ ಕುವ’, ‘ತ್ಸ್ಯಾನ ಕುವ’, ‘ಕಾಟು ಇಂಚಿ ಕುವ’ ಎಂಬ ಹೆಸರುಗಳು ಒಟ್ಟಿಗೆ ಬರುತ್ತವೆ. ಉತ್ತರಪದ ಕುಲವನ್ನೂ ಪೂರ್ವಪದ ಬಣ್ಣ, ನೆಲೆ ಅಥವಾ ಹೋಲಿಕೆಯನ್ನೂ ಸೂಚಿಸುತ್ತದೆ. ಕಾಸರಗೋಡಿನ ಕನ್ನಡಿಗರಿಗೆ ‘ಕೂವೆ’ ಅಪರಿಚಿತವಲ್ಲ. ಅದರ ಗಡ್ಡೆಯ ಹಿಟ್ಟು ಕರಾವಳಿಯ ಅಡುಗೆಮನೆಗೆ ಸೇರಿದ್ದು. ಈ ಗುಂಪನ್ನು ಕಟ್ಟಿದ ಲಕ್ಷಣ ಹೂವಲ್ಲ, ನೆಲದಡಿಯ ಗಡ್ಡೆ. ಹಾಗಿದ್ದೂ ಅದರಲ್ಲಿರುವ ಸಸ್ಯಗಳು ಇಂದಿನ ಶುಂಠಿ ಕುಟುಂಬಕ್ಕೂ ಅದರ ಅತಿ ಹತ್ತಿರದ ಕಾಸ್ಟಸ್ ಕುಟುಂಬಕ್ಕೂ ಸೇರುತ್ತವೆ.

ಲಿನೇಯಸ್ ಹಿಡಿದ ದಾರಿ ಬೇರೆ. ಆತನ ಪದ್ಧತಿಯಲ್ಲಿ ವರ್ಗವನ್ನು ಮುಖ್ಯವಾಗಿ ನಿರ್ಣಯಿಸುವುದು ಕೇಸರಗಳು. ಶುಂಠಿಯ ಹೂವಿನಲ್ಲಿ ಪರಾಗ ಕೊಡುವ ಕೇಸರ ಒಂದೇ; ಎರಡು ಕೇಸರಗಳು ಬಂಜೆಯಾಗಿ, ಒಂದಾಗಿ ಬೆಸೆದು, ದಳದಂಥ ತುಟಿಯಾಗಿ ಅರಳುತ್ತವೆ. ಆದ್ದರಿಂದ 1753ರ ಕೃತಿಯಲ್ಲಿ ಅರಿಸಿನ, ಶುಂಠಿ, ಕಾಸ್ಟಸ್‌ಗಳು ಏಕಕೇಸರ ವರ್ಗಕ್ಕೆ ಸೇರಿದವು. ಇಲ್ಲಿ ಗಡ್ಡೆಯ ಸಾಕ್ಷ್ಯವೂ ಕೇಸರದ ಸಾಕ್ಷ್ಯವೂ ಹೊಂದಿಕೊಂಡಂತೆ ಕಾಣುತ್ತವೆ. ಆದರೆ ಅದೇ ವರ್ಗದಲ್ಲಿ ಪುನರ್ನವದ ಕುಲವೂ ಉಪ್ಪುನೆಲದ ಸಾಲಿಕಾರ್ನಿಯವೂ ಕುಳಿತಿವೆ. ಒಂದು ಕೇಸರವನ್ನು ಬಿಟ್ಟರೆ ಅವಕ್ಕೂ ಶುಂಠಿಗೂ ನಂಟಿಲ್ಲ. ಬಾಳೆಯಂತೂ ಬಹುದೂರದ ಇನ್ನೊಂದು ವರ್ಗಕ್ಕೆ ಹೋಯಿತು. ‘ಕುವ’ದ ಗುಂಪಿನಿಂದಲೇ ಲಿನೇಯಸ್ ತನ್ನ ವರ್ಗವನ್ನು ಪಡೆದಿದ್ದರೆ ಇಂಥ ಮಿಶ್ರಣ ಉಂಟಾಗುತ್ತಿರಲಿಲ್ಲ.

ಹೆಚ್ಚು ಕುತೂಹಲಕರವಾದುದು ‘ಕಾಟು ಬಾಲ’, ಎಂದರೆ ಕಾಡುಬಾಳೆ. ಅದು ಅಮೆರಿಕ ಮೂಲದ ಕ್ಯಾನಾ ಗಿಡ, ಕನ್ನಡದ ‘ಕಾಬಾಳೆ’. ಹೊರಗಿನಿಂದ ಬಂದ ಈ ಸಸ್ಯವನ್ನು ಮಲಬಾರಿನ ಜನ ಎಲೆಯನ್ನು ನೋಡಿ ಬಾಳೆಯ ಬಳಗಕ್ಕೆ ಸೇರಿಸಿದರು; ಲಿನೇಯಸ್ ಕೇಸರವನ್ನು ನೋಡಿ ಶುಂಠಿಯ ಬಳಿ ಇಟ್ಟ. ಇಂದಿನ ವರ್ಗೀಕರಣದಲ್ಲಿ ಬಾಳೆ, ಶುಂಠಿ, ಕಾಸ್ಟಸ್, ಕ್ಯಾನಾ ಇವೆಲ್ಲ 8 ಕುಟುಂಬಗಳ ಒಂದೇ ಗಣದವು. ಸಾಮಾನ್ಯವಾಗಿ ಬಾಳೆಯಲ್ಲಿ ಐದು, ಶುಂಠಿಯಲ್ಲಿ ಒಂದು, ಕ್ಯಾನಾದಲ್ಲಿ ಅರ್ಧ ಕೇಸರ ಮಾತ್ರ ಫಲವಂತ. ಹೀಗೆ ಕುಗ್ಗುವ ಸಂಖ್ಯೆಯೇ ನಂಟಿನ ಗುರುತು. ಸಂಖ್ಯೆಯನ್ನಷ್ಟೇ ಹಿಡಿದವನಿಗೆ ಆ ನಂಟು ತಪ್ಪಿತು, ಎಲೆಯನ್ನು ನೋಡಿದವರಿಗೆ ಅದರ ಒಂದು ಭಾಗ ದಕ್ಕಿತು.

ಆದ್ದರಿಂದ ಗ್ರೋವ್ ಅವರ ವಾದವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಲಿನೇಯಸ್ ಈ ಗ್ರಂಥದಿಂದ ಚಿತ್ರಗಳನ್ನೂ ವರ್ಣನೆಗಳನ್ನೂ ಧಾರಾಳವಾಗಿ ಪಡೆದ. ಗುಂಪು ಕಟ್ಟುವ ತತ್ತ್ವವನ್ನು ಪಡೆದನೆಂಬುದಕ್ಕೆ ಈ ಹೆಸರುಗಳು ಬೆಂಬಲ ಕೊಡುವುದಿಲ್ಲ. ಗ್ರೀಕ್, ಲ್ಯಾಟಿನ್ ಮೂಲದ್ದಲ್ಲದ ಕುಲನಾಮಗಳನ್ನು ತಳ್ಳಿಹಾಕಬೇಕೆಂಬುದು 1737ರಷ್ಟು ಹಿಂದೆಯೇ ಆತನ ನಿಯಮವಾಗಿತ್ತು. ಮಲಬಾರಿನ ವರ್ಗೀಕರಣದ ಹಿರಿಮೆಗೆ ಲಿನೇಯಸನ ಒಪ್ಪಿಗೆಯ ಮುದ್ರೆ ಬೇಕಿಲ್ಲ. ಅದು ಆತನ ಮೂಲಕ ದಾಟಿತೆಂದು ಹೊಗಳುವುದು ಅದರ ಸ್ವತಂತ್ರ ತರ್ಕವನ್ನು ಮರೆಸುವ ಇನ್ನೊಂದು ಬಗೆ.

ಗಡಿನಾಡಿನ ಭಾಷಾಧ್ಯಯನಕ್ಕೆ ಇದರಲ್ಲಿ ಪಾಠವಿದೆ. ಸಸ್ಯನಾಮಗಳನ್ನು ಲ್ಯಾಟಿನ್ ಹೆಸರಿನ ಮುಂದೆ ಬಿಡಿಬಿಡಿಯಾಗಿ ಜೋಡಿಸಿದಾಗ ‘ಕೂವೆ’ ಒಂದು ಕಡೆಗೆ, ‘ಕಾಬಾಳೆ’ ಇನ್ನೊಂದು ಕಡೆಗೆ ಚೆದುರುತ್ತವೆ. ಪೂರ್ವಪದ, ಉತ್ತರಪದಗಳ ನಡುವಿನ ವಿಚಾರ ಕಾಣೆಯಾಗುತ್ತದೆ. ಹೆಸರು ಉಳಿದರೂ ಅದನ್ನು ಕಟ್ಟಿದ ಬುದ್ಧಿ ಉಳಿಯುವುದಿಲ್ಲ. ಕನ್ನಡ, ತುಳು, ಮಲಯಾಳಂ, ಕೊಂಕಣಿಗಳು ಕೂಡಿ ಬಾಳುವ ನೆಲದಲ್ಲಿ ಹೆಸರುಗಳನ್ನು ಅವುಗಳ ಬಳಗದೊಡನೆಯೇ ಸಂಗ್ರಹಿಸಬೇಕು. ಬಳಗ ಮರೆತುಹೋದ ಮೇಲೆ ಒಂಟಿ ಪದದಿಂದ ಅದನ್ನು ಮತ್ತೆ ಕಟ್ಟುವುದು ಕಷ್ಟ.